ಜಂಬಣ್ಣನ ಮನೆ ಮುಂದಿನ ಪೊರಕೆ ಗಿಡ

ಹೊಸದುರ್ಗದ ಪೇಟೆ ಬೀದಿಯ ಕೊಬ್ಬರಿ ವ್ಯಾಪಾರಿ ಜಂಬಣ್ಣ ಹೇಳಿ ಹೋದದ್ದನ್ನು ತಂದವನೇ ಅಲ್ಲ. ಹೊಟ್ಟೆಕಿಚ್ಚಿಗೆ ಹೇಳುವ ಮಾತಲ್ಲ ಇದು. ಊರಿಗೆಲ್ಲ ಗೊತ್ತಿದ್ದ ವಿಷಯ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೊಟ್ರಮ್ಮನಿಗೆ ಇಳಕಲ್ ಸೀರೆ ತರುತ್ತೇನೆಂದು ದಾವಣಗೆರೆಗೆ ಹೋದ, ಕೊಡೆ ತಂದ. ಅವಳ ಕಾಲಿಗೆ ಬೆಳ್ಳಿ ಕಡಗ ತರುತ್ತೇನೆಂದು ಚಿತ್ರದುರ್ಗಕ್ಕೆ ಹೋದ, ತನ್ನ ಕಾಲಿಗೆ ಬೂಟು ತಂದ. ಆ ಬೂಟು ಎರಡೂ ಎಡಗಾಲಿನವೆಂದು ತಿಳಿದದ್ದು ಮನೆಗೆ ಬಂದ ಮೇಲೆ. "ಹೊಸದುರ್ಗದಾಗೆ ಬೂಟು ಹಾಕಿದ ಮೊದಲ್ನೇ ಮನುಷ್ಯ ನಾನು" ಎಂದು ಆಸಾಮಿ ವಾರವೆಲ್ಲ ಬೀದಿಯಲ್ಲಿ ಎಡಕ್ಕೇ ವಾಲುತ್ತ ಓಡಾಡಿದ.

ಹೀಗಿರುವಾಗ ಮಾರಿಕಣಿವೆಯಲ್ಲಿ ಅಣೆಕಟ್ಟೆ ಕೆಲಸ ಮುಗಿಯಿತು. ಅಲ್ಲಿ ಬಂಗಲೆ ಮಾಡಿಕೊಂಡಿದ್ದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಗಂಟುಮೂಟೆ ಕಟ್ಟಿದ. ಅವನ ಸಾಮಾನೆಲ್ಲ ಹರಾಜಾಗುತ್ತದೆಂಬ ಸುದ್ದಿ ಸಂತೆಯ ದಿನ ಹೊಸದುರ್ಗಕ್ಕೆ ಬಂತು. ಜಂಬಣ್ಣ ಜಗಲಿಯ ಮೇಲೆ ಕೂತು ಎದುರು ಮನೆಯವರಿಗೂ ಕೇಳಿಸುವಂತೆ ಸಾರಿದ:

"ದೊರೆ ಕುಂತ್ಕಳ್ತಿದ್ದ ಆರಾಮಕುರ್ಚಿ ತರ್ತೀನಿ. ಕಾಲು ಚಾಚಾಕೆ ಮುಂದಕ್ಕೆ ಕೈ ಅವೆಯಂತೆ ಅದಕ್ಕೆ. ಹೊಸದುರ್ಗಕ್ಕೇ ಮೊದಲ್ನೇದು!"

ಬಾಗಿಲ ಹಿಂದಿನಿಂದ ಕೊಟ್ರಮ್ಮನ ದನಿ ಬಂತು. "ಕುರ್ಚಿ ಅಂತ ಹೇಳಿಬಿಟ್ರಲ್ರಿ. ಹಂಗಾರೆ ಕುರ್ಚಿ ಅಂತೂ ಬರಲ್ಲ."

ಬಾಗಿಲ ಹಿಂದಿನಿಂದ ಎಂದೆನಲ್ಲ, ಅದರ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ಜಗಲಿಯಲ್ಲಿ ಗಂಡಸರು ಕೂತಿದ್ದರೆ ಮನೆಯ ಹೆಂಗಸು ಬಾಗಿಲ ಹಿಂದೆ ನಿಂತೇ ಮಾತಾಡಬೇಕು. ಅದು ಆಗಿನ ಮರ್ಯಾದೆ. ಆ ಬಾಗಿಲ ಹಿಂದೆ ಅವಳಿಗೆ ಜೊತೆಯಾಗಿ ಇನ್ನೊಂದು ಇರುತ್ತಿತ್ತು, ಪೊರಕೆ. ಪೊರಕೆಗೂ ನಮ್ಮಲ್ಲಿ ಮರ್ಯಾದೆ ಉಂಟು. ಅದು ಬಂದವರ ಕಣ್ಣಿಗೆ ಬೀಳಬಾರದು. ಅದನ್ನು ನೆಟ್ಟಗೆ ನಿಲ್ಲಿಸಬಾರದು, ನಿಲ್ಲಿಸಿದರೆ ಮನೆಯಲ್ಲಿ ಜಗಳ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು, ಏಕೆಂದರೆ ಲಕ್ಷ್ಮಿ. ಕೆಲಸಕ್ಕೆ ಹೊರಟಾಗ ಎದುರಿಗೆ ಕಂಡರೆ ವಾಪಸ್ಸು ಬರಬೇಕು, ಏಕೆಂದರೆ ಶನಿ. ಒಂದೇ ವಸ್ತು ಲಕ್ಷ್ಮಿಯೂ ಶನಿಯೂ ಆಗುವುದು ಹೇಗೆಂದು ಹೊಸದುರ್ಗದಲ್ಲಿ ಯಾರೂ ಕೇಳಿರಲಿಲ್ಲ. ಕೇಳುವ ಪ್ರಸಂಗ ಬಂದದ್ದು ಜಂಬಣ್ಣನಿಂದ.

ಗಾಡಿ ಹೊಡೆಯಲು ಕುರಿಹಟ್ಟಿಯ ಪಾಪಣ್ಣನನ್ನು ಕರೆದುಕೊಂಡು ಜಂಬಣ್ಣ ಮಾರಿಕಣಿವೆಗೆ ಹೋದ. ಬಂಗಲೆಯ ಅಂಗಳದಲ್ಲಿ ಜನವೋ ಜನ. ಆರಾಮಕುರ್ಚಿ ಹರಾಜಿಗೆ ಬಂತು. ಜಂಬಣ್ಣ ಕೈ ಎತ್ತಿದ. ಚಿತ್ರದುರ್ಗದ ವಕೀಲರೊಬ್ಬರೂ ಕೈ ಎತ್ತಿದರು. ಜಂಬಣ್ಣ ಮತ್ತೆ ಎತ್ತಿದ, ವಕೀಲರು ಮತ್ತೆ ಎತ್ತಿದರು. ಕೊನೆಗೆ ವಕೀಲರು ಕೂಗಿದ ಬೆಲೆ ಕೇಳಿ ಜಂಬಣ್ಣನ ಕೈ ತಾನಾಗಿ ಕೆಳಗಿಳಿಯಿತು. ಕುರ್ಚಿ ಹೋಯಿತು. ಅವಮಾನದಿಂದ ಬೆವತ ಜಂಬಣ್ಣ ರುಮಾಲು ತೆಗೆದು ಹಣೆ ಒರೆಸಿಕೊಳ್ಳಲು ಕೈ ಮೇಲೆತ್ತಿದನೋ ಇಲ್ಲವೋ, ಹರಾಜಿನವನು ಗಂಟೆ ಬಾರಿಸಿ ಕೂಗಿದ:

"ಹೊಸದುರ್ಗದ ಸಾಹುಕಾರರಿಗೆ ಹೂವಿನ ಕುಂಡ!"

ಕುಂಡದಲ್ಲಿ ಒಂದು ಗಿಡ. ಗಿಡವೆಂದರೆ ಎಲೆ ಇದ್ದೂ ಇಲ್ಲದಂತಿರುವ, ಹಸಿರು ಕಡ್ಡಿಗಳನ್ನು ಬುಡದಲ್ಲಿ ಕಟ್ಟಿ ನಿಲ್ಲಿಸಿದಂಥ ಒಂದು ಕಂತೆ. ಬಂಗಲೆಯ ಬಟ್ಲರನನ್ನು ಜಂಬಣ್ಣ ಕೇಳಿದ, "ಇದೇನಪ್ಪ?"

"ಬ್ರೂಮು ಅಂತ ಸಾಮಿ. ದೊರೆಸಾನಿ ಮಗೂನಂಗೆ ಸಾಕಿದ್ರು. ಚಿನ್ನದಂಥ ಹಳದಿ ಹೂವು ಬಿಡುತ್ತೆ. ದೊರೆಸಾನಿ ತಲೆಗೆ ಮುಡ್ಕೊಳ್ತಿದ್ರು."

ದೊರೆಸಾನಿ ಮುಡಿಯುತ್ತಿದ್ದಳು! ಜಂಬಣ್ಣನ ಬೆವರು ಆರಿತು. "ಇದರಿಂದ ಅವರ ದೇಶದಾಗೆ ಏನು ಮಾಡ್ತಾರೆ?"

"ಕಡ್ಡಿ ಕಟ್ಟಿ ಕಸ ಗುಡಿಸ್ತಾರೆ ಸಾಮಿ. ಅವರ ಪೊರಕೆ ಇದೇಯ."

ಇಷ್ಟು ಕೇಳಿದ್ದೇ ತಡ, ಯಾರ ಕಿವಿಗಾದರೂ ಬಿದ್ದೀತೆಂದು ಜಂಬಣ್ಣ ಕುಂಡ ಎತ್ತಿಕೊಂಡು ಗಾಡಿ ಹತ್ತಿದ. ಬಟ್ಲರನು ಹಿಂದೆ ಓಡಿ ಬರುತ್ತ ಕೂಗುತ್ತಿದ್ದ: "ಸಾಮಿ, ನೀರು ಜಾಸ್ತಿ ಬೇಡ! ಗೊಬ್ಬರ ಬೇಡವೇ ಬೇಡ! ಕಲ್ಲು ನೆಲ ಆಗ್ಬೇಕು ಅದಕ್ಕೆ, ಕಲ್ಲು!" ಗಾಡಿಯ ಗಡಗಡದಲ್ಲಿ ಅದೊಂದೂ ಕೇಳಿಸಲಿಲ್ಲ. ಕೇಳಿಸಿದ್ದರೂ ಜಂಬಣ್ಣ ಬೇರೆಯವರ ಮಾತು ಕೇಳಿ ಕೆಲಸ ಮಾಡುವ ಪೈಕಿಯಲ್ಲ.

ಗಾಡಿ ಪೇಟೆ ಬೀದಿಗೆ ಬಂದಾಗ ಕುರ್ಚಿ ನೋಡಲು ಬೀದಿಗೆ ಬೀದಿಯೇ ನೆರೆದಿತ್ತು. ಕೊಟ್ರಮ್ಮ, ಏನೇ ಆಡಿದ್ದರೂ, ಪಡಸಾಲೆಯಲ್ಲಿ ಸಾರಿಸಿ ಕುರ್ಚಿಗೆ ಜಾಗ ಮಾಡಿದ್ದಳು. ಎದುರು ಮನೆಯ ತಿಪ್ಪೇರುದ್ರಪ್ಪ ಗಾಡಿಯೊಳಕ್ಕೆ ಇಣುಕಿದ. ಇವನೂ ಕೊಬ್ಬರಿ ವ್ಯಾಪಾರಿಯೇ. ಜಂಬಣ್ಣ ತಂದದ್ದನ್ನೆಲ್ಲ ಮೊದಲು ನೋಡಿ ಮೊದಲು ನಗುವ ಹಕ್ಕು ಬಹಳ ವರ್ಷದಿಂದ ಅವನದು.

"ಏನಪ್ಪ ಜಂಬಣ್ಣ, ಕುರ್ಚಿ ಇನ್ನೂ ಬೀಜ ಒಡೆದು ಈಗ ಮೇಲೇಳ್ತಾ ಐತಾ?"

ಜನ ಘೊಳ್ಳೆಂದರು. ಜಂಬಣ್ಣ ಎದೆ ಸೆಟೆಸಿ ಕುಂಡವನ್ನು ಇಳಿಸಿದ.

"ಕುರ್ಚಿ ಯಾವನು ಬೇಕಾದ್ರೂ ತರ್ತಾನೆ. ಇದು ವಿಲಾಯ್ತಿ ಹೂವಿನ ಗಿಡ. ಚಿನ್ನದ ಬಣ್ಣದ ಹೂವು. ದೊರೆಸಾನಿ ಮುಡಿಯೋ ಹೂವು! ಹೊಸದುರ್ಗಕ್ಕೆ..."

"ಮೊದಲ್ನೇದು" ಎಂದು ಜನರೇ ಮುಗಿಸಿದರು.

"ಮೊದಲ್ನೇದು! ಇದರ ಮೊದಲ್ನೇ ಹೂವು ನಮ್ಮನೆಯವಳ ತಲೆಗೆ. ಎಲ್ರ ಮುಂದೆ ಹೇಳ್ತಾ ಇದೀನಿ, ನಾನೇ ಮುಡಿಸ್ತೀನಿ!"

ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. ಗಂಡ ಹೀಗೆ ಹತ್ತು ಜನರ ಎದುರು ತನಗಾಗಿ ಏನನ್ನಾದರೂ ಹೇಳಿದ್ದನ್ನು ಕೊಟ್ರಮ್ಮ ಕೇಳಿ ಎಷ್ಟೋ ಕಾಲವಾಗಿತ್ತು. ಜನರೂ ಒಂದು ಗಳಿಗೆ ಮೆತ್ತಗಾದರು. ಆ ಗಳಿಗೆಯಲ್ಲಿ ಪಾಪಣ್ಣ ಎತ್ತಿನ ಕೊರಳ ಹಗ್ಗ ಬಿಚ್ಚುತ್ತ, ಯಾರೂ ಕೇಳದೆ ಇದ್ದರೂ, ಹೇಳಿದ:

"ಹೌದ್ರಿ. ಅದರಾಗೇ ಅವರ ಕಡೆ ಪೊರಕೆ ಮಾಡ್ತಾರಂತೆ."

ಇಣುಕುತ್ತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ತಿಪ್ಪೇರುದ್ರಪ್ಪ ಮೂಗಿನ ಮೇಲೆ ಬೆರಳಿಟ್ಟುಕೊಂಡು ಮೆಲ್ಲಗೆ ಕೇಳಿದ. "ಅಲ್ಲಾ, ಪೊರಕೇನ ಮನೆ ಮುಂದೆ ನೆಡ್ತೀಯಾ? ಅದೂ ನೆಟ್ಟಗೆ?"

"ಅದರ ಹೂವು ನನ್ನ ತಲೆಗಾ?" ಎಂದಿತು ಬಾಗಿಲು.

ಅಲ್ಲಿಗೆ ಬೇರೆ ಯಾರೇ ಆಗಿದ್ದರೂ ಕುಂಡವನ್ನು ಹಿತ್ತಿಲಿಗೆ ಸಾಗಿಸಿ ಸುಮ್ಮನಾಗುತ್ತಿದ್ದರು. ಜಂಬಣ್ಣ ಗುದ್ದಲಿ ತರಿಸಿದ. ಜಗಲಿಯ ಪಕ್ಕದಲ್ಲಿ, ಬೀದಿಗೆ ಎದ್ದು ಕಾಣುವಲ್ಲಿ, ಗುಂಡಿ ತೋಡಿದ. ಎರಡು ಬುಟ್ಟಿ ಹಳೆಯ ಸಗಣಿ ಗೊಬ್ಬರ ಸುರಿದ. ಹೊಂಗೆ ಹಿಂಡಿ ಹಾಕಿದ. ವಿಲಾಯ್ತಿ ಗಿಡಕ್ಕೆ ನಮ್ಮ ಬಿಸಿಲು ಉಷ್ಣವಾದೀತೆಂದು ಬುಡಕ್ಕೆ ಮಜ್ಜಿಗೆ ಹೊಯ್ದ. ದಾವಣಗೆರೆಯಿಂದ ತಂದಿದ್ದ ಕೊಡೆಯನ್ನು ಕೋಲಿಗೆ ಕಟ್ಟಿ ಗಿಡದ ಮೇಲೆ ಬಿಚ್ಚಿಟ್ಟ. ಬೆಳಿಗ್ಗೆ ಕೊಡಗಟ್ಟಲೆ ನೀರು, ಸಂಜೆ ಕೊಡಗಟ್ಟಲೆ ನೀರು. ಬಾಣಂತಿಗೂ ಆ ಮನೆಯಲ್ಲಿ ಅಂಥ ಆರೈಕೆ ನಡೆದಿರಲಿಲ್ಲ. ಗಿಡ ಮಾತ್ರ ದಿನದಿಂದ ದಿನಕ್ಕೆ ಉಂಡದ್ದು ಅರಗದ ಮುದುಕನಂತೆ ಮುಖ ಇಳಿಬಿಟ್ಟಿತು. ತೆಳ್ಳಗೆ ಉದ್ದುದ್ದ ಬಿಳಿಚಿಕೊಂಡ ಎಳೆಕಡ್ಡಿ ಬಿಟ್ಟು ನೆಲಕ್ಕೆ ಜೋತುಬಿತ್ತು.

"ಹಸಿವು" ಎಂದ ಜಂಬಣ್ಣ. ಇನ್ನೊಂದು ಬುಟ್ಟಿ ಗೊಬ್ಬರ ಹಾಕಿದ.

ಇತ್ತ ಬೀದಿಯಲ್ಲಿ ಅನಾಹುತಗಳು ಶುರುವಾದವು. ಅನಾಹುತಗಳು ಮೊದಲೂ ಆಗುತ್ತಿದ್ದವು. ಆದರೆ ಆಗ ಅವಕ್ಕೆ ಕಾರಣ ಹುಡುಕುವ ಕಷ್ಟವಿತ್ತು. ಈಗ ಕಾರಣ ಬೀದಿಯಲ್ಲೇ ನಿಂತಿತ್ತು. ಗಾಡಿಯ ಅಚ್ಚು ಮುರಿದರೆ ಪೊರಕೆ ಗಿಡ. ಎಮ್ಮೆ ಒದ್ದರೆ ಪೊರಕೆ ಗಿಡ. ತಿಪ್ಪೇರುದ್ರಪ್ಪ ಜಮೀನಿನ ವ್ಯಾಜ್ಯಕ್ಕೆಂದು ಚಿತ್ರದುರ್ಗದ ಕೋರ್ಟಿಗೆ ಹೊರಟು ಬಾಗಿಲು ತೆರೆದರೆ ಎದುರಿಗೇ ಗಿಡ. ವ್ಯಾಜ್ಯ ಸೋತ. ಅದೇ ವ್ಯಾಜ್ಯವನ್ನು ಅವನ ಅಪ್ಪನೂ ಸೋತಿದ್ದ, ತಾತನೂ ಸೋತಿದ್ದ. ಅವರ ಕಾಲದಲ್ಲಿ ಗಿಡ ಇರಲಿಲ್ಲವಲ್ಲ ಎಂದು ಯಾರೋ ಅಂದದ್ದಕ್ಕೆ, "ಬೇರು ಮೊದಲೇ ಬಂದಿತ್ತು" ಎಂದ.

ಗಿಡಕ್ಕೆ ನೀರು ಹೊರುತ್ತಿದ್ದ ಕೂಲಿ ಹೆಂಗಸು ಆ ಬೀದಿಗೆ ಬರುವುದನ್ನು ಬಿಟ್ಟಳು. ಮನೆಯ ಬಾವಿಯ ಹಗ್ಗವನ್ನು ಕೊಟ್ರಮ್ಮ ಎತ್ತಿ ಅಟ್ಟದ ಮೇಲಿಟ್ಟಳು. "ಮನೆ ಖರ್ಚಿಗೆ ನಾನು ಸೇದ್ತೀನಿ. ಪೊರಕೆ ಮೀಸಾಕೆ ಇದು ಕಲ್ಯಾಣಿ ಅಲ್ಲ" ಎಂದಳು.

ದೀಪಾವಳಿ ಹತ್ತಿರ ಬಂತು. ಲಕ್ಷ್ಮೀಪೂಜೆಯ ಹೊತ್ತಿಗೆ ಎದುರಿಗೆ ಪೊರಕೆ ಬೇಡವೆಂದು ತಿಪ್ಪೇರುದ್ರಪ್ಪ ಬೀದಿಯ ಜನರನ್ನು ಸೇರಿಸಿದ. ಊರ ನ್ಯಾಯ ಸಾಲದೆಂದು ಶೇಕ್‌ದಾರ್ ಹನುಮಂತಯ್ಯನವರನ್ನೂ ಕರೆತಂದ. ಶೇಕ್‌ದಾರರು ಹೋಬಳಿಗೆಲ್ಲ ದೊಡ್ಡ ಅಧಿಕಾರಿ, ಸರ್ಕಾರದ ಕಣ್ಣು. ಆದರೆ ಮಾರನೆಯ ದಿನ ಬಡ್ತಿಯ ವಿಚಾರಕ್ಕೆ ಆ ಕಣ್ಣು ತಾಲ್ಲೂಕಿನ ಅಮಲ್ದಾರರ ಮುಂದೆ ನಿಲ್ಲಬೇಕಾಗಿತ್ತು. ಹಾಗಾಗಿ ಅವರು ಬೀದಿಯ ತುದಿಯಿಂದಲೇ ಹಿಮ್ಮುಖವಾಗಿ ನಡೆದು ಬಂದು, ಗಿಡಕ್ಕೆ ಬೆನ್ನು ಮಾಡಿ ನಿಂತು ಸ್ಥಳ ತನಿಖೆ ನಡೆಸಿದರು.

"ಸದರಿ ಗಿಡ ಎಲ್ಲಿದೆ?"

"ನಿಮ್ಮ ಹಿಂದೇನೇ ಐತೆ ಸ್ವಾಮಿ, ಒಂಚೂರು ತಿರುಗ್ರಿ" ಎಂದ ಜಂಬಣ್ಣ.

"ತಿರುಗುವ ಅಗತ್ಯವಿಲ್ಲ. ಸರ್ಕಾರಕ್ಕೆ ಎಲ್ಲಾ ಕಡೆಯಿಂದಲೂ ಕಾಣಿಸುತ್ತದೆ. ಬೀದಿಗೆ ಒತ್ತುವರಿ ಆಗಿದೆಯೋ?"

"ನನ್ನ ಜಗಲಿ ಪಕ್ಕ, ನನ್ನ ಜಾಗದಾಗೆ ಐತೆ. ಹೂವಿನ ಗಿಡ ನೆಡಬಾರದು ಅಂತ ಯಾವ ಕಾನೂನೈತೆ ತೋರಿಸ್ರಿ!"

"ಹೂವಿನ ಗಿಡ ಅಂತೆ!" ತಿಪ್ಪೇರುದ್ರಪ್ಪ ತೊಡೆ ತಟ್ಟಿದ. "ಬಂದು ಇಷ್ಟು ದಿನ ಆತು, ಒಂದು ಮೊಗ್ಗು ತೋರಿಸು ನೋಡಾಣ. ಅದು ಬೆಳಿತಿರಾದೇ ಪೊರಕೆ ಕಡ್ಡಿ. ಕಿತ್ತಾಕು!"

ಬಾಗಿಲ ಹಿಂದಿನಿಂದ ಕೊಟ್ರಮ್ಮನೂ ಹೇಳಿದಳು. "ಹೋಗ್ಲಿ ಬಿಡ್ರಿ. ಹಿತ್ತಲಾಗಾದ್ರೂ ನೆಡ್ರಿ. ಈ ಜನದ ಬಾಯಿಗೆ ನಾವ್ಯಾಕೆ ಬೀಳಾಣ?"

ಜಂಬಣ್ಣ ಸುತ್ತ ನೋಡಿದ. ಎಲ್ಲರೂ ನಗುತ್ತಿದ್ದರು. ಕೊಡೆ ತಂದಾಗ ನಕ್ಕಿದ್ದರು, ಬೂಟು ತಂದಾಗ ನಕ್ಕಿದ್ದರು, ಆಗೆಲ್ಲ ಅವನಿಗೆ ಅದು ತಾಗಿರಲಿಲ್ಲ. ಈ ಸಲ ತಾಗಿತು. ಏಕೆಂದರೆ ಈ ಸಲ ಎಲ್ಲರೆದುರು ಹೆಂಡತಿಗೆ ಒಂದು ಹೂವು ಕೊಡುತ್ತೇನೆಂದು ಹೇಳಿಬಿಟ್ಟಿದ್ದ. ಹಿತ್ತಿಲಿಗೆ ಹೋದ ಗಿಡದ ಹೂವನ್ನು ಎಲ್ಲರೆದುರು ಮುಡಿಸುವುದು ಹೇಗೆ? ಅವನು ಜಗಲಿಯ ಮೇಲೆ ಹತ್ತಿ ನಿಂತ.

"ಕೇಳ್ರಪ್ಪಾ! ಯುಗಾದಿ ಒಳಗೆ ಈ ಗಿಡ ಹೂವು ಬಿಡ್ತದೆ. ಬಿಡಲಿಲ್ಲ ಅಂದ್ರೆ ನಾನೇ ಕಿತ್ತು, ನಾನೇ ಪೊರಕೆ ಕಟ್ಟಿ, ಈ ಬೀದೀನ ಈ ತಲೆಯಿಂದ ಆ ತಲೇವರೆಗೂ ಗುಡಿಸ್ತೀನಿ. ಅಲ್ಲೀವರೆಗೂ ಇದರ ಒಂದು ಕಡ್ಡಿ ಮುಟ್ಟಿದೋನ್ನ ನಾನು ಸುಮ್ನೆ ಬಿಡಲ್ಲ!"

"ಹೂವು ಬಿಟ್ರೆ ನಾನು ಗುಡಿಸ್ತೀನಿ ಕಣಲೇ!" ಎಂದು ತಿಪ್ಪೇರುದ್ರಪ್ಪನೂ ತನ್ನ ಜಗಲಿ ಹತ್ತಿದ. "ಮೀಸೆ ಮೇಲಾಣೆ!"

ಶೇಕ್‌ದಾರರು ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ತೀರ್ಪು ಕೊಟ್ಟರು. ಗಿಡ ಯುಗಾದಿಯವರೆಗೆ ಇರಬಹುದು. ಆದರೆ ದಾರಿಹೋಕರ ಕ್ಷೇಮವೂ ಸರ್ಕಾರದ ಹೊಣೆಯಾದ್ದರಿಂದ, ಹಾದು ಹೋಗುವವರು ರೂಢಿಯ ಪ್ರಕಾರ ಒಂದೊಂದು ಕಲ್ಲು ಹಾಕಿ ಹೋಗಬಹುದು. ಕಲ್ಲು ಗಿಡಕ್ಕೆ ತಾಗಬಾರದು, ಬುಡಕ್ಕೆ ಬೀಳಬೇಕು.

ಈ ಕಲ್ಲಿನ ರೂಢಿ ನಮ್ಮ ಕಡೆ ಹಳೆಯದು. ಹಾದಿಯಲ್ಲಿ ಕೆಟ್ಟದ್ದು ಕಂಡರೆ ಒಂದು ಕಲ್ಲು ಹಾಕಿ ಮುಂದೆ ಹೋಗುವುದು. ಕೆಟ್ಟದ್ದು ಕಲ್ಲಿನ ಕೆಳಗೆ ಉಳಿಯಿತು, ನಾವು ಪಾರಾದೆವು. ಅಂದಿನಿಂದ ಜಂಬಣ್ಣನ ಮನೆ ಮುಂದೆ ಟಪ್ ಟಪ್ ಎಂದು ಕಲ್ಲು ಬೀಳತೊಡಗಿದವು. ಸಂತೆಗೆ ಹೋಗುವವರು ಒಂದು, ಬರುವವರು ಒಂದು. ಆದಿವಾಲದ ಕಡೆಯ ಗಾಡಿಯವರು ವಿಷಯ ಗೊತ್ತಿಲ್ಲದಿದ್ದರೂ ಎಲ್ಲರೂ ಹಾಕುತ್ತಾರೆಂದು ಒಂದು. ತಿಪ್ಪೇರುದ್ರಪ್ಪ ಮಾತ್ರ ಮುಂಜಾಗ್ರತೆಗೆ ಬೊಗಸೆ ತುಂಬ. ಕೆಲವೇ ದಿನಗಳಲ್ಲಿ ಗೊಬ್ಬರದ ಗುಂಡಿ ಮುಚ್ಚಿಹೋಗಿ ಗಿಡದ ಸುತ್ತ ಬೆಣಚುಕಲ್ಲಿನ ದಿಬ್ಬವೆದ್ದಿತು.

ಜಂಬಣ್ಣ ಗೊಬ್ಬರ ಹಾಕಲು ಹೋದರೆ ಕಲ್ಲು ಸರಿಸಬೇಕು. ಒಂದು ಕಲ್ಲು ಸರಿಸಿದರೆ, "ನಮ್ಮ ಶನಿ ಎಬ್ಬಿಸ್ತೀಯೇನಯ್ಯಾ?" ಎಂದು ಅದನ್ನು ಹಾಕಿದವರು ಜಗಳಕ್ಕೆ ಬರುವರು. ನೀರು ಹಾಕೋಣವೆಂದರೆ ಹಗ್ಗ ಅಟ್ಟದ ಮೇಲೆ. ಸಾಲದ್ದಕ್ಕೆ ಪಾಪಣ್ಣನ ಹಟ್ಟಿಯ ಗಿರಿಯಮ್ಮ ಮೇಕೆ ಹೊಡೆದುಕೊಂಡು ಅದೇ ಬೀದಿಯಲ್ಲಿ ಬಂದಳು. ಮೇಕೆಗೆ ಶಕುನ ಗೊತ್ತಿಲ್ಲ. ಗೊಬ್ಬರ ತಿಂದು ಜೋತುಬಿದ್ದಿದ್ದ ಎಳೆಕಡ್ಡಿಯನ್ನೆಲ್ಲ ಒಂದೂ ಬಿಡದೆ ಮೇಯ್ದು, ಹಳೆಯ ಗಟ್ಟಿ ಕಡ್ಡಿಗಳನ್ನು ಮಾತ್ರ ಉಳಿಸಿದವು.

"ಅಯ್ಯೋ ಗಿರಿಯಮ್ಮಾ, ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೇ!" ಜಂಬಣ್ಣ ಕೊಡೆ ಹಿಡಿದು ಮೇಕೆಗಳ ಹಿಂದೆ ಓಡಿದ.

"ನಾನೇನು ಮಾಡ್ಲಿ ಸಾವ್ಕಾರ್ರೆ? ನೀವು ಹೂವು ಅಂತೀರಿ, ಊರೋರು ಪೊರಕೆ ಅಂತಾರೆ. ಅದು ಮೇವು ಅಂತ ನನ್ನ ಮೇಕೆಗೆ ಮಾತ್ರ ಗೊತ್ತಾತು" ಎಂದಳು ಗಿರಿಯಮ್ಮ. ಅಂದವಳು, ರೂಢಿ ತಪ್ಪಬಾರದೆಂದು, ಒಂದು ಕಲ್ಲು ಹಾಕಿ ಕೈ ಮುಗಿದೇ ಹೋದಳು.

ಅಂದಿನಿಂದ ಜಂಬಣ್ಣ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಗಿಡದ ಪಕ್ಕ ಒರಳುಕಲ್ಲಿನ ಮೇಲೆ ಕೊಡೆ ಹಿಡಿದು ಕೂತ. ಬಂದವರು ಹಾಕಿದ ಕಲ್ಲು ಗುರಿ ತಪ್ಪಿ ಅವನ ಮೊಣಕಾಲಿಗೆ ಬಿದ್ದರೂ ಏಳಲಿಲ್ಲ. "ಹಾಕ್ರಿ, ಹಾಕ್ರಿ. ನಿಮ್ಮ ಕಲ್ಲು ಮುಗೀತದೆ, ನನ್ನ ಹಟ ಮುಗಿಯಲ್ಲ" ಎನ್ನುತ್ತಿದ್ದ. ಮಧ್ಯಾಹ್ನ ಕೊಟ್ರಮ್ಮ ಬಾಗಿಲ ಸಂದಿಯಿಂದ ರೊಟ್ಟಿಯ ತಟ್ಟೆ ಮುಂದೆ ತಳ್ಳುತ್ತಿದ್ದಳು. ಬಯ್ಯುತ್ತಲೇ ತಳ್ಳುತ್ತಿದ್ದಳು, ಆದರೆ ರೊಟ್ಟಿಯ ಮೇಲೆ ಬೆಣ್ಣೆ ಇರುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಗಿಡ ಚೇತರಿಸಿತು. ಗೊಬ್ಬರ ತಪ್ಪಿ, ನೀರು ತಪ್ಪಿ, ಬುಡಕ್ಕೆ ಊರವರ ಶನಿಯೆಲ್ಲ ಕಲ್ಲಾಗಿ ಬಿದ್ದ ಮೇಲೆ, ಅದು ತನ್ನ ಊರಿನ ಗುಡ್ಡವೇ ತನ್ನನ್ನು ಹುಡುಕಿಕೊಂಡು ಬಂತೆಂದು ತಿಳಿಯಿತೋ ಏನೋ, ಕಡ್ಡಿಗಳೆಲ್ಲ ಹಸಿರಾಗಿ ನೆಟ್ಟಗೆ ನಿಂತವು. ಕಡ್ಡಿಯ ಉದ್ದಕ್ಕೂ ಸಾಸಿವೆ ಕಾಳಿನಂಥ ಮೊಗ್ಗು. ಜಂಬಣ್ಣ ಮೊಗ್ಗಿನ ಮುಂದೆ ಕೂತು ಕಣ್ಣೊರೆಸಿಕೊಂಡ. "ಹೊಂಗೆ ಹಿಂಡಿ ಈಗ ಕೆಲಸ ಮಾಡ್ತು ನೋಡು" ಎಂದ.

ಅಷ್ಟರಲ್ಲಿ ಇನ್ನೊಂದು ಆಯಿತು. ಗಿರಿಯಮ್ಮನ ಕತ್ತಿನಲ್ಲಿ ನರೂಲಿ ಎದ್ದಿದ್ದವು, ಆ ಸಣ್ಣ ಸಣ್ಣ ಗಂಟು. ನರೂಲಿ ಎದ್ದರೆ ದೇವಿಗೆ ಪೊರಕೆ ಕೊಡುತ್ತೇನೆಂದು ಹರಸಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಉಂಟು. ಅಂದು ಕಲ್ಲು ಹಾಕಿ ಕೈ ಮುಗಿದಾಗ ಗಿರಿಯಮ್ಮನಿಗೆ ಅನ್ನಿಸಿತ್ತಂತೆ, ಪೊರಕೆ ಕೊಡಬೇಕಾದ ದೇವಿ ಇರಲಿ, ಇಲ್ಲಿ ಪೊರಕೆಯೇ ನಿಂತಿದೆಯಲ್ಲ ಎಂದು. ಹರಸಿಕೊಂಡಳು. ನರೂಲಿ ಉದುರಿಹೋದವು. ಅವು ಹೇಗೂ ಒಂದು ದಿನ ಉದುರುವಂಥವೇ. ಆದರೆ ಆ ಮಾತನ್ನು ಆ ಹೊತ್ತಿಗೆ ಯಾರು ಕೇಳುತ್ತಾರೆ? ಒಂದು ಬೆಳಿಗ್ಗೆ ಗಿರಿಯಮ್ಮ ಹೊಸ ಪೊರಕೆ, ಅರಿಶಿನ, ಕುಂಕುಮ, ತೆಂಗಿನಕಾಯಿ ತಂದು ಕಲ್ಲಿನ ದಿಬ್ಬಕ್ಕೆ ಪೂಜೆ ಮಾಡಿ ಅಡ್ಡಬಿದ್ದಳು.

"ಏಳೇ, ಏಳೇ! ಅದು ದೇವ್ರಲ್ಲ, ಹೂವಿನ ಗಿಡ!" ಎಂದ ಜಂಬಣ್ಣ.

"ನಿಮ್ಮ ಬಾಯಿಂದ ಅಮ್ಮ ಹಂಗೆ ಅನ್ನಿಸ್ತಾ ಅವಳೆ" ಎಂದಳು ಗಿರಿಯಮ್ಮ.

ಜವನಗೊಂಡನಹಳ್ಳಿಯಿಂದ ಒಬ್ಬರು ಪೊರಕೆ ತಂದರು. ಬಿ.ದುರ್ಗದಿಂದ ಗಾಡಿ ಕಟ್ಟಿಕೊಂಡು ಇನ್ನೊಬ್ಬರು ತಂದರು. ಊರಿಗೆ ಬಡಿದ ಶನಿ ನೋಡನೋಡುತ್ತ ಊರಿಗೆ ಒಲಿದ ಅಮ್ಮನಾಗಿ, ಜಗಲಿಯ ತುಂಬ ಪೊರಕೆಯ ರಾಶಿ ಬಿತ್ತು. ಎಲ್ಲರಿಗಿಂತ ಬೇಗ ಬದಲಾದವನು ತಿಪ್ಪೇರುದ್ರಪ್ಪ. ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡು ತಾನೇ ಧರ್ಮದರ್ಶಿಯಾದ.

"ಈ ದಿಬ್ಬದಾಗೆ ಹೆಚ್ಚು ಕಲ್ಲು ಹಾಕಿದೋನು ನಾನು. ಅಮ್ಮನ್ನ ಎಬ್ಬಿಸಿದೋನು ನಾನು!" ಎಂದು ಪರಸ್ಥಳದವರಿಗೆ ವಿವರಿಸತೊಡಗಿದ.

ಜಂಬಣ್ಣನ ಸ್ಥಿತಿ ನೋಡಿ. ನಿನ್ನೆಯವರೆಗೆ ಇದು ಶನಿಯಲ್ಲ ಎಂದು ಕೂಗಿ ಗಂಟಲು ಕಟ್ಟಿತ್ತು. ಇಂದಿನಿಂದ ಅದೇ ಕಟ್ಟಿದ ಗಂಟಲಲ್ಲಿ ಇದು ದೇವಿಯಲ್ಲ ಎಂದು ಕೂಗಬೇಕಾಯಿತು. ಮೊದಲು ಒರಳುಕಲ್ಲಿನ ಮೇಲೆ ಕೂತು ಕಲ್ಲಿನಿಂದ ಗಿಡವನ್ನು ಕಾದ, ಈಗ ಅಲ್ಲೇ ಕೂತು ಕರ್ಪೂರದಿಂದ ಕಾಯತೊಡಗಿದ. "ಹೂವಿನ ಗಿಡ ಕಣ್ರಪ್ಪಾ! ಬರೀ ಹೂವಿನ ಗಿಡ!" ಜನ ಅವನಿಗೂ ಒಂದು ಚೂರು ಪ್ರಸಾದ ಕೊಟ್ಟು ಮುಂದೆ ಹೋಗುತ್ತಿದ್ದರು.

ಯುಗಾದಿಗೆ ಇನ್ನು ಸ್ವಲ್ಪವೇ ದಿನ ಇರುವಾಗ, ಒಂದು ಬೆಳಿಗ್ಗೆ ಹೂವು ಅರಳಿತು. ಒಂದಲ್ಲ, ಒಂದು ಇಡೀ ಕಡ್ಡಿಯ ತುಂಬ. ಅವರೆ ಹೂವಿನ ಆಕಾರ, ತಂಗಡಿ ಹೂವಿನ ಬಣ್ಣ, ಮೇಲೆ ಜೇನಿನಂಥ ಒಂದು ಪರಿಮಳ. ಸುದ್ದಿ ಹಬ್ಬಿ ಬೀದಿ ಕಿಕ್ಕಿರಿಯಿತು. ಬಡ್ತಿ ಸಿಕ್ಕಿದರೂ ಊರ ಬಾಯಲ್ಲಿ ಶೇಕ್‌ದಾರರೇ ಆಗಿದ್ದ ಹನುಮಂತಯ್ಯನವರು ಈ ಸಲ ಮುಮ್ಮುಖವಾಗಿ, ತಟ್ಟೆಯಲ್ಲಿ ಹಣ್ಣುಕಾಯಿ ಹಿಡಿದು ಬಂದರು. ತಿಪ್ಪೇರುದ್ರಪ್ಪ ದಿಬ್ಬಕ್ಕೆ ಅಡ್ಡಲಾಗಿ ಕೈ ಚಾಚಿ ನಿಂತ.

"ಯಾರೂ ಮುಟ್ಟಬ್ಯಾಡ್ರಿ! ಇದು ಅಮ್ಮನ ಹೂವು. ಇಲ್ಲಿ ಗುಡಿ ಎಬ್ಬಿಸ್ತೀವಿ, ಸುತ್ತ ಗೋಡೆ ಕಟ್ಟಿಸ್ತೀವಿ. ಬೇಕಾರೆ ಜಂಬಣ್ಣನ ಜಗಲಿ ಅಷ್ಟು ಒಡಿಯಾಣ."

"ಸರ್ಕಾರದ ಅಭ್ಯಂತರವಿಲ್ಲ" ಎಂದರು ಶೇಕ್‌ದಾರರು.

ಜಂಬಣ್ಣ ಒರಳುಕಲ್ಲಿನಿಂದ ಎದ್ದ. ರುಮಾಲು ಸರಿಮಾಡಿಕೊಂಡ. ಎಡಗಾಲಿನ ಎರಡು ಬೂಟನ್ನೂ ಅಂದು ಬೆಳಿಗ್ಗೆಯೇ ಹಾಕಿಕೊಂಡಿದ್ದ. ಇಂಥ ದಿನಕ್ಕಲ್ಲದೆ ಇನ್ನು ಯಾವಾಗ? ತಿಪ್ಪೇರುದ್ರಪ್ಪನ ಚಾಚಿದ ಕೈಯ ಕೆಳಗೆ ಬಗ್ಗಿ, ಕಲ್ಲಿನ ದಿಬ್ಬ ಹತ್ತಿ, ಹೂವಿನ ಕಡ್ಡಿಯನ್ನು ಹಿಡಿದುಕೊಂಡ.

"ಏಯ್ ಜಂಬಣ್ಣ! ಕೈ ಬಿದ್ದೋಗ್ತದೆ!"

"ಬೀಳ್ಲಿ. ಇನ್ನೊಂದೈತೆ."

"ಊರಿಗೆ ಕೇಡಾಗ್ತದಲೇ!"

"ಶನಿ ಅಂದಾಗ್ಲೂ ಊರಿಗೆ ಕೇಡು ಅಂದ್ರಿ. ಅಮ್ಮ ಅಂದ್ರೂ ಊರಿಗೆ ಕೇಡು ಅಂತೀರಿ. ನಿಮ್ಮೂರು ಏನಪ್ಪ, ಯಾವುದಕ್ಕೂ ತಡಿಯಲ್ಲ! ನಾನು ಅವತ್ತಿಂದ ಒಂದೇ ಮಾತು ಹೇಳ್ತಾ ಇದೀನಿ. ಇದು ಹೂವಿನ ಗಿಡ. ಹೂವು ಇರಾದು ಹೆಣ್ಣುಮಕ್ಕಳ ತಲೆಗೆ!"

ಚಟ್ ಎಂದು ಕಡ್ಡಿ ಮುರಿದ.

ಬೀದಿಯೆಲ್ಲ ಹಾ ಎಂದಿತು. ಯಾರೋ ಕಣ್ಣು ಮುಚ್ಚಿಕೊಂಡರು. ಶೇಕ್‌ದಾರರು ಅಭ್ಯಾಸಬಲದಿಂದ ಬೆನ್ನು ತಿರುಗಿಸಿದರು. ಜಂಬಣ್ಣ ಹೂವನ್ನು ಹಿಡಿದು ತನ್ನ ಮನೆಯ ಬಾಗಿಲ ಮುಂದೆ ಹೋಗಿ ನಿಂತ. ಅಲ್ಲಿ ಅವನ ಧೈರ್ಯ ಒಂದಿಷ್ಟು ಸೋರಿತು. ಊರನ್ನು ಎದುರು ಹಾಕಿಕೊಳ್ಳುವುದು ಬೇರೆ, ಕೊಟ್ರಮ್ಮನನ್ನು ಎದುರು ಹಾಕಿಕೊಳ್ಳುವುದು ಬೇರೆ. ಪೊರಕೆ ಹೂವು ಬೇಡವೆಂದವಳು. ಈಗ ಅಮ್ಮನ ಹೂವು ಬೇಡವೆಂದರೆ?

"ಏನೇ... ತಂದೀನಿ" ಎಂದ, ಮೆಲ್ಲಗೆ.

ಬಾಗಿಲ ಹಿಂದೆ ಬಳೆ ಸದ್ದಾಯಿತು. ಆಮೇಲೆ ಯಾರೂ ಎಣಿಸದಿದ್ದದ್ದು ನಡೆಯಿತು. ಕೊಟ್ರಮ್ಮ ಹೊಸ್ತಿಲು ದಾಟಿ, ಅಷ್ಟು ಗಂಡಸರು ನೆರೆದಿದ್ದ ಜಗಲಿಗೆ, ಹೊರಗೆ ಬಂದಳು. ಗಂಡನ ಕೈಯಲ್ಲಿದ್ದ ಹೂವನ್ನು ನೋಡಿದಳು. ಬೀದಿಯನ್ನು ನೋಡಿದಳು.

"ಕೊಟ್ರಮ್ಮಾ, ಬ್ಯಾಡ ತಾಯಿ, ಅಮ್ಮನ ಸಿಟ್ಟು..." ಎಂದ ತಿಪ್ಪೇರುದ್ರಪ್ಪ.

"ತಿಪ್ಪೇರುದ್ರಣ್ಣಾರೆ," ಎಂದಳು ಕೊಟ್ರಮ್ಮ, "ಮದುವೆ ಆದಾಗಿಂದ ಈ ಮನುಷ್ಯ ತರ್ತೀನಿ ಅಂದಿದ್ದನ್ನ ತಂದಿರಾದು ಇದೇ ಮೊದಲು. ಇಷ್ಟು ವರ್ಷ ಕಾದೋಳು ನಾನು. ಅಮ್ಮಗೆ ಬೇಕಿದ್ರೆ ನಾಳೆ ಅರಳಿದ್ದನ್ನ ಕೊಡಾಣ. ಅವಳೂ ಹೆಣ್ಣೇ, ಅವಳಿಗೆ ತಿಳೀತದೆ."

ಗಂಡನ ಕಡೆ ಬೆನ್ನು ಮಾಡಿ ತಲೆ ಬಗ್ಗಿಸಿದಳು. "ಮುಡಿಸ್ರಿ."

ಜಂಬಣ್ಣ ತುರುಬಿಗೆ ಸಿಕ್ಕಿಸಲು ಹೋಗಿ ಮೊದಲು ಕಿವಿಗೆ ಚುಚ್ಚಿದ, ಆಮೇಲೆ ಸೆರಗಿಗೆ ಸಿಕ್ಕಿಸಿದ, ಆಮೇಲೆ ಹೇಗೋ ತುರುಬು ಸಿಕ್ಕಿತು. ನರೆತ ಕೂದಲಲ್ಲಿ ಹಳದಿ ಹೂವು ಬೆಳಗಿತು. ಯಾರ ಕೈಯೂ ಬೀಳಲಿಲ್ಲ. ಗಿರಿಯಮ್ಮ ಗುಂಪಿನಿಂದಲೇ, "ಚೆಂದ ಕಾಣ್ತಾ ಐತೆ ಕಣವ್ವಾ" ಎಂದಳು. ಇನ್ನಿಬ್ಬರು ಹೆಂಗಸರು ಹೌದೆಂದರು. ಅಲ್ಲಿಗೆ ಅಮ್ಮನ ಸಿಟ್ಟಿನ ವಿಷಯ ಮುಗಿಯಿತು.

ಮುಗಿಯದಿದ್ದದ್ದು ಇನ್ನೊಂದಿತ್ತು. ಪೂಜೆಯ ಗದ್ದಲದಲ್ಲಿ ಊರೆಲ್ಲ ಮರೆತದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದವಳು ಮರೆತಿರಲಿಲ್ಲ. ಕೊಟ್ರಮ್ಮ ಹರಕೆಯ ರಾಶಿಯಿಂದ ಗಟ್ಟಿಯಾದ ಒಂದು ಪೊರಕೆ ಆರಿಸಿ, ಎರಡು ಸಲ ನೆಲಕ್ಕೆ ಕುಟ್ಟಿ ನೋಡಿ, ತಿಪ್ಪೇರುದ್ರಪ್ಪನ ಕಡೆ ಚಾಚಿದಳು.

"ಮೀಸೆ ಮೇಲೆ ಆಣೆ ಇಟ್ಟಿದ್ರಿ ಅಣ್ಣಾರೆ. ಈ ತಲೆಯಿಂದ ಆ ತಲೇವರೆಗೂ ಅಂತ."

ತಿಪ್ಪೇರುದ್ರಪ್ಪ ಶೇಕ್‌ದಾರರ ಕಡೆ ನೋಡಿದ. ಶೇಕ್‌ದಾರರು ಇನ್ನೂ ಬೆನ್ನು ತಿರುಗಿಸಿಯೇ ನಿಂತಿದ್ದರು. ಹಾಗೇ ನಿಂತು, "ಕರಾರು ಕರಾರೇ" ಎಂದರು. ಜನ ಜಾಗ ಬಿಟ್ಟರು. ಅಂದು ಪೇಟೆ ಬೀದಿ ಕಂಡಷ್ಟು ಚೊಕ್ಕಟವನ್ನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಜಂಬಣ್ಣ ಒರಳುಕಲ್ಲಿನ ಮೇಲೆ ದೊರೆಯ ಆರಾಮಕುರ್ಚಿಯಲ್ಲಿ ಕೂತ ಹಾಗೆ ಕಾಲು ಚಾಚಿಕೊಂಡು, "ಮೂಲೆ ಬಿಟ್ಟೆ ನೋಡಪ್ಪ, ಮೂಲೆ!" ಎಂದು ಹೇಳಿಕೊಡುತ್ತಿದ್ದ.

ಗುಡಿ ಏಳಲಿಲ್ಲ, ಗಿಡ ನಿಂತಿತು. ಅದು ಹೇಗೆ ಬದುಕಿತೆಂದು ಯಾರು ಕೇಳಿದರೂ ಜಂಬಣ್ಣ ಸಾಯುವವರೆಗೂ ಹೊಂಗೆ ಹಿಂಡಿ ಮತ್ತು ಮಜ್ಜಿಗೆಯ ಹೆಸರನ್ನೇ ಹೇಳಿದ. ಅದನ್ನು ನಂಬಿ ಅವನಿಂದ ಬೀಜ ಇಸಕೊಂಡು ಹೋದವರ ಒಂದು ಸಸಿಯೂ ಉಳಿಯಲಿಲ್ಲ.

ಹರಕೆಯ ಪೊರಕೆಗಳು ಕೊಟ್ರಮ್ಮನಿಗೆ ಬಹಳ ವರ್ಷ ಬಂದವು. ಪ್ರತಿ ಬೆಳಿಗ್ಗೆ ಅವಳು ಬೀದಿ ಬಾಗಿಲು ಗುಡಿಸಿ, ಪೊರಕೆಯನ್ನು ಹೂವಿನ ಗಿಡದ ಪಕ್ಕ, ಹೋಗುವವರಿಗೂ ಬರುವವರಿಗೂ ಕಾಣುವಂತೆ ನೆಟ್ಟಗೆ ನಿಲ್ಲಿಸಿ, ಜಗಲಿಯ ಮೇಲೆ ಕೂರುತ್ತಿದ್ದಳು. ಆ ದಿನದ ಮೇಲೆ ಆ ಮನೆಯಲ್ಲಿ ಪೊರಕೆ ಮತ್ತೆ ಬಾಗಿಲ ಹಿಂದೆ ಹೋಗಲಿಲ್ಲ. ಕೊಟ್ರಮ್ಮನೂ ಹೋಗಲಿಲ್ಲ.